ಎರಡನೇ ಗೆರೆ

ನನಗೆ ಕೋಪ ಜಾಸ್ತಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೊನೆಗೆ ಎಲ್ಲರೂ ಅದನ್ನೇ ನೆಪ ಮಾಡ್ಕೊಂಡ್ರು. ನಾನು ಹೊಲಿಗೆ ಯಂತ್ರ ರಿಪೇರಿ ಮಾಡೋನು. ಯಂತ್ರದ ಮೇಲೆ ಯಾವತ್ತೂ ರೇಗಿದವನಲ್ಲ. ಹತ್ತು ವರ್ಷ ಒಂದು ಹನಿ ಎಣ್ಣೆ ಬಿಡದೆ ತುಳಿದು, ಆಮೇಲೆ ತಂದು ನನ್ನ ಮೇಜಿನ ಮೇಲಿಟ್ಟು, 'ನಿನ್ನೆಯಿಂದ ಯಾಕೋ ಶಬ್ದ ಮಾಡ್ತಿದೆ' ಅಂತಾರಲ್ಲ, ಅಂಥವರ ಮೇಲೆ ರೇಗ್ತೀನಿ. ನಿನ್ನೆಯಿಂದ ಅಂತೆ!

ನನ್ನ ಅಂಗಡಿ ಹಿಂದೆ ಒಂದು ತಗಡಿನ ಶೆಡ್ ಇದೆ. ಅಲ್ಲಿ ಮೂರು ಬೈಕು ನಿಲ್ತಿದ್ವು. ನಂದೊಂದು, ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದ ಲೆಕ್ಕದ ಮೇಷ್ಟ್ರದೊಂದು, ನಮ್ಮ ಭಾವಂದೊಂದು. ಮೂರೂ ಒಂದೇ ಜಾತಿ, ಒಂದೇ ವಯಸ್ಸು, ಇಪ್ಪತ್ತೆರಡು ದಾಟಿದ್ವು. ಎತ್ತರದ ಬೈಕುಗಳು, ಬಸುರಿಯ ಹೊಟ್ಟೆಯಂಥ ಟ್ಯಾಂಕು, ಡಾಂಬರಿಗೂ ಸೈ, ಕಲ್ಲು ಮಣ್ಣಿನ ದಾರಿಗೂ ಸೈ. ಅದನ್ನ ಮಾಡ್ತಿದ್ದ ಕಂಪನಿ ಯಾವಾಗಲೋ ಆ ಮಾಡೆಲ್ ನಿಲ್ಲಿಸಿಬಿಟ್ಟಿತ್ತು. ಹಾಗಾಗಿ ಒಂದು ಸಣ್ಣ ರಬ್ಬರ್ ಉಂಗುರ ಬೇಕಾದ್ರೂ ನಾವೇ ಹುಡುಕಬೇಕು, ಸಿಗದಿದ್ರೆ ನಾವೇ ಕೊರೆದು ಮಾಡ್ಕೋಬೇಕು. ಭಾನುವಾರ ಬೆಳಗ್ಗೆ ಅಂದ್ರೆ ನಾವು ಮೂರು ಜನ, ಮೂರು ಬೈಕು, ನೆಲದ ಮೇಲೆ ಹರಡಿದ ಹಳೇ ಬೆಡ್‌ಶೀಟು, ಅದರ ತುಂಬಾ ನಟ್ಟು ಬೋಲ್ಟು. ಮಧ್ಯಾಹ್ನ ಕೈ ತೊಳೆದು ಅಕ್ಕನ ಮನೆಗೆ ಊಟಕ್ಕೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡೋಳು. ಅಮ್ಮ ಹೋದಾಗ ನನಗೆ ಆರು ವರ್ಷ. ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಕೆನ್ನೆಗೆ ಬಾರಿಸಿದ್ದು ಎಲ್ಲಾ ಅವಳೇ. ಭಾವ ಅಂದ್ರೆ ಅವಳ ಗಂಡ, ಔಷಧಿ ಅಂಗಡಿ ಇಟ್ಟಿದ್ದಾರೆ. ನಾನು ಮದುವೆ ಗಿದುವೆ ಅಂತ ಆಗಿಲ್ಲ. ನನಗೆ ಮನೆ ಅಂತ ಒಂದಿದ್ರೆ ಅದು ಅವಳ ಮನೆ.

ಈಗ ಗೆರೆ ವಿಷಯಕ್ಕೆ ಬರ್ತೀನಿ. ಹಳೇ ಬೈಕು ಕಲ್ಲು ದಾರೀಲಿ ಕುಲುಕಿ ಕುಲುಕಿ ಬೋಲ್ಟು ಸಡಿಲ ಮಾಡ್ಕೊಳ್ಳುತ್ತೆ. ಯಾವುದು ಬಿಗಿ ಮಾಡಿದ್ದೀವಿ, ಯಾವುದು ಬಿಟ್ಟಿದ್ದೀವಿ ಅಂತ ಮೂರು ಜನ ಕೆಲಸ ಮಾಡೋ ಕಡೆ ನೆನಪಿರಲ್ಲ. ಅದಕ್ಕೆ ನಾನೊಂದು ನಿಯಮ ಮಾಡಿದ್ದೆ. ಸ್ಪ್ಯಾನರ್ ಹಾಕಿ ಪೂರ್ತಿ ಬಿಗಿ ಮಾಡಿದವನು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಬಣ್ಣದ ಗೆರೆ ಎಳೀಬೇಕು. ಬೋಲ್ಟು ಒಂದು ಕೂದಲೆಳೆ ತಿರುಗಿದ್ರೂ ಗೆರೆ ಮುರಿಯುತ್ತೆ, ದೂರದಿಂದಲೇ ಕಾಣುತ್ತೆ. ಯಾರು ಬಿಗಿ ಮಾಡಿದ್ರೋ ಅವರ ಬಣ್ಣ. ನಂದು ಕೆಂಪು, ಅಕ್ಕನ ಕನ್ನಡಿ ಮುಂದಿಂದ ಎತ್ಕೊಂಡು ಬಂದ ಉಗುರು ಬಣ್ಣ. ಮೇಷ್ಟ್ರದು ಬಿಳಿ, ಶಾಲೇಲಿ ತಪ್ಪು ಅಳಿಸೋ ಬಿಳಿ ಶಾಯಿ. ಗೆರೆ ಹಾಕೋ ಮುಂಚೆ ಹಳೇ ಗೆರೆಯನ್ನ ಬ್ಲೇಡಲ್ಲಿ ಕೆರೆದು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಕು. ಒಂದು ಬೋಲ್ಟಿಗೆ ಒಂದೇ ಗೆರೆ. ಆಮೇಲೆ ನಮ್ಮಲ್ಲಿ ಒಂದೇ ಪ್ರಶ್ನೆ, 'ಗೆರೆ ಬಿತ್ತಾ?' 'ಬಿತ್ತು' ಅಂದ್ರೆ ಮುಗೀತು, ಇನ್ನೊಬ್ಬ ಅದನ್ನ ಮುಟ್ಟಿ ನೋಡೋ ಹಾಗೂ ಇರಲಿಲ್ಲ.

ಭಾವನಿಗೆ ನಾವು ಬಣ್ಣ ಕೊಟ್ಟಿರಲಿಲ್ಲ. ಅವರ ಕೈ ಭಾರ. ಒಂದ್ಸಲ ಎಂಜಿನ್ ಆಯಿಲ್ ಬೋಲ್ಟನ್ನ ಬಿಗಿ ಮಾಡಕ್ಕೆ ಹೋಗಿ ಒಳಗಿನ ಥ್ರೆಡ್ಡನ್ನೇ ಕಿತ್ತಿಟ್ಟಿದ್ರು. ಆ ದಿನದಿಂದ ಅವರ ಕೆಲಸ ಟಾರ್ಚ್ ಹಿಡಿಯೋದು, ಟೀ ತರೋದು.

'ನನಗೂ ಒಂದು ಬಣ್ಣ ಕೊಡ್ರೋ,' ಅಂತ ಗೋಗರೆಯೋರು. 'ನನ್ನ ಅಂಗಡೀಲಿ ಗಾಯಕ್ಕೆ ಹಚ್ಚೋ ನೇರಳೆ ಔಷಧಿ ಇದೆ. ಅದನ್ನೇ ಹಚ್ಕೋತೀನಿ.'

'ಅದನ್ನ ಇಟ್ಕೊಂಡಿರಿ ಭಾವ. ನೀವು ಬಿಗಿ ಮಾಡಿದ್ರೆ ನಮಗೆಲ್ಲ ಬೇಕಾಗುತ್ತೆ,' ಅಂದಿದ್ದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದ.

ಕಳೆದ ವರ್ಷ ಐದು ದಿನದ ಸವಾರಿ ಹೊರಟ್ವಿ, ಗುಡ್ಡದ ಆಚೆ ಕಲ್ಲು ದಾರಿ. ಹೊರಡೋ ಹಿಂದಿನ ವಾರ ಭಾವನ ಬೈಕಿನ ಮುಂದಿನ ಬ್ರೇಕು ಪೂರ್ತಿ ಬಿಚ್ಚಿ, ಶುಚಿ ಮಾಡಿ, ಕಟ್ಟಿದ್ದು ನಾನೇ. ಬ್ರೇಕ್ ಪ್ಯಾಡು ಅರ್ಧ ಸವೆದಿತ್ತು. ಭಾವ ಹೊಸದು ತಂದಿಟ್ಕೊಂಡಿದ್ರು, ಅದನ್ನೇ ಹಾಕು ಅಂತ ಒಂದೇ ವರಾತ.

'ಅರ್ಧ ಇದೆ, ಈ ಸವಾರಿಗೆ ಧಾರಾಳ ಸಾಕು. ಇದರ ಪ್ಯಾಡು ಸಿಗೋದೇ ಕಷ್ಟ, ಸುಮ್ನೆ ಹಾಳು ಮಾಡೋದಾ? ನಾನು ಬಂದು ನಿಮ್ಮ ಅಂಗಡೀಲಿ ಮಾತ್ರೆ ಬದಲಾಯಿಸ್ತೀನಾ?' ಅಂತ ಜೋರಾಗೇ ಅಂದಿದ್ದೆ. ಭಾವ ಹೊಸ ಪ್ಯಾಡನ್ನ ವಾಪಸ್ ಚೀಲಕ್ಕೆ ಹಾಕ್ಕೊಂಡ್ರು. ಆ ಬ್ರೇಕನ್ನ ಮುಂದಿನ ಚಕ್ರದ ಪಕ್ಕದ ಫೋರ್ಕಿಗೆ ಹಿಡಿದಿಡೋದು ಎರಡು ಬೋಲ್ಟು, ಮೇಲೊಂದು, ಕೆಳಗೊಂದು. ಎರಡನ್ನೂ ಬಿಗಿ ಮಾಡಿ, ಕೆಂಪು ಗೆರೆ ಎಳೆದಿದ್ದೆ.

ಎರಡನೇ ದಿನ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯ್ತು, ತಂದಿದ್ದ ಟ್ಯೂಬೂ ಹರಿದಿತ್ತು. ಉಳ್ಕೊಂಡಿದ್ದ ಲಾಡ್ಜಿನ ಮುಂದೆ ಅವರಿಬ್ಬರನ್ನ ಬಿಟ್ಟು, ಚಕ್ರ ಬಿಚ್ಕೊಂಡು, ಒಂದು ಲಾರಿ ಹತ್ತಿ ಪೇಟೆಗೆ ಹೋಗಿ ಬಂದೆ. ಮೂರು ಗಂಟೆ ಹಿಡೀತು. ವಾಪಸ್ ಬಂದಾಗ ಇಬ್ಬರೂ ಜಗಲಿ ಮೇಲೆ ಕೂತಿದ್ರು.

'ಏನ್ ಮಾಡಿದ್ರಿ ಇಷ್ಟು ಹೊತ್ತು?'

'ಗಡದ್ದಾಗಿ ನಿದ್ದೆ ಹೊಡೆದ್ವಿ,' ಅಂದ ಮೇಷ್ಟ್ರು.

ಮೂರನೇ ದಿನ ಬೆಳಗ್ಗೆ, ಇಳಿಜಾರಿನ ತಿರುವಲ್ಲಿ, ಭಾವ ನನ್ನ ಮುಂದೆ ಹೋಗ್ತಿದ್ರು. ಏನೋ ಒಂದು ಖಟ್ ಅಂತ ಶಬ್ದ. ಅವರ ಮುಂದಿನ ಚಕ್ರ ಇದ್ದಕ್ಕಿದ್ದಂಗೆ ಕಚ್ಚಿಕೊಳ್ತು. ಭಾವ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದರು, ಅವರ ಮೇಲೆ ಬೈಕು ಬಿತ್ತು. ನಾನು ಓಡಿ ಹೋಗಿ ಬೈಕು ಎತ್ತಿದೆ. ಅವರ ತೊಡೆ, ಬಾಗಬಾರದ ಕಡೆ ಬಾಗಿತ್ತು. ಆ ಕೂಗು ಈಗಲೂ ಕಿವೀಲಿದೆ.

ಅವರನ್ನ ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಚಕ್ರದ ಹತ್ತಿರ ಕೂತು ನೋಡಿದೆ. ಬ್ರೇಕಿನ ಕೆಳಗಿನ ಬೋಲ್ಟು ಇರಲೇ ಇಲ್ಲ, ಎಲ್ಲೋ ಕಳಚಿ ಬಿದ್ದಿತ್ತು. ಇಡೀ ಬ್ರೇಕು ತಿರುಗಿ ಚಕ್ರದ ಕಡ್ಡಿಗಳ ಮಧ್ಯೆ ಸಿಕ್ಕಿಕೊಂಡಿತ್ತು. ಆ ಬೋಲ್ಟು ಹಾಕಿದ್ದು ನಾನು. ಮುಂದೆ ಏನೂ ನೋಡೋಕೆ ಕಣ್ಣು ಕಾಣಲಿಲ್ಲ. ಮೇಷ್ಟ್ರು ಹೆಗಲ ಮೇಲೆ ಕೈ ಇಟ್ಟ.

'ಹೋಗ್ಲಿ ಬಿಡೋ. ಮನುಷ್ಯರಲ್ವಾ ನಾವು, ತಪ್ಪಾಗುತ್ತೆ.'

ಎಂಥ ದೊಡ್ಡ ಮನಸ್ಸು ಅಂದ್ಕೊಂಡೆ ಕಣ್ರೀ! ಆ ಕೈ ಹಿಡ್ಕೊಂಡು ಅತ್ತೆ.

ಆಸ್ಪತ್ರೇಲಿ ಅಕ್ಕ ಬಂದ ತಕ್ಷಣ, ಯಾರೂ ಕೇಳೋ ಮುಂಚೆ ನಾನೇ ಹೇಳಿದೆ. 'ನಂದೇ ತಪ್ಪು ಅಕ್ಕ. ಆ ಬೋಲ್ಟು ಬಿಗಿ ಮಾಡಿದ್ದು ನಾನೇ. ಸರಿಯಾಗಿ ಮಾಡಿಲ್ಲ.' ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದ. ಮಂಚದ ಮೇಲೆ ಭಾವ ಕಣ್ಣು ಮುಚ್ಕೊಂಡಿದ್ರು.

ಅಕ್ಕ ಕೂಗಾಡಲಿಲ್ಲ. 'ನಿನ್ನ ಕೈಗೆ ಕೊಟ್ಟು ಕಳಿಸಿದ್ದೆ ಇವರನ್ನ,' ಅಂದ್ಲು. 'ಇನ್ಮೇಲೆ ನಮ್ಮ ಮನೆ ಮೆಟ್ಟಿಲು ಹತ್ತಬೇಡ.'

ಹತ್ತಲಿಲ್ಲ. ಹದಿನಾಲ್ಕು ತಿಂಗಳು. ಮೊದಮೊದಲು ಫೋನ್ ಮಾಡ್ತಿದ್ದೆ, ಅವಳು ಎತ್ತುತ್ತಿರಲಿಲ್ಲ. ಒಂದ್ಸಲ ಬಾಗಿಲವರೆಗೆ ಹೋಗಿದ್ದೆ. ಕಿಟಕಿಯಿಂದ ನನ್ನನ್ನ ನೋಡಿ, ಪರದೆ ಎಳೆದ್ಲು. ಭಾವನ ತೊಡೆಗೆ ಕಂಬಿ ಹಾಕಿದ್ರು. ನಾಲ್ಕು ತಿಂಗಳು ಹಾಸಿಗೆ, ಆಮೇಲೆ ಊರುಗೋಲು, ಈಗಲೂ ಕೋಲಿಲ್ಲದೆ ನಡೆಯಕ್ಕಾಗಲ್ಲ. ಭಾನುವಾರ ಮಧ್ಯಾಹ್ನ ನಾನು ಅಂಗಡಿ ಬಾಗಿಲು ಹಾಕ್ಕೊಂಡು, ಒಂದು ಬ್ರೆಡ್ಡು ಬಿಚ್ಕೊಂಡು, ಗೋಡೆ ನೋಡ್ತಾ ತಿಂತಿದ್ದೆ.

ಅದಕ್ಕಿಂತ ಕೆಟ್ಟದ್ದು ಕೈ. ಮೂವತ್ತು ವರ್ಷ ನನ್ನ ಅನ್ನ ಸಂಪಾದಿಸಿದ ಕೈ ಮೇಲೆ ನನಗೇ ನಂಬಿಕೆ ಹೋಯ್ತು. ಒಂದು ಹೊಲಿಗೆ ಯಂತ್ರ ಕಟ್ಟಿ ಮುಚ್ತಿದ್ದೆ, ಮತ್ತೆ ಬಿಚ್ಚಿ ಸ್ಕ್ರೂ ನೋಡ್ತಿದ್ದೆ. ಮುಚ್ತಿದ್ದೆ, ಬಿಚ್ತಿದ್ದೆ. ಗಿರಾಕಿಗಳು ಮುಖ ಮುಖ ನೋಡ್ಕೊಂಡು ಬೇರೆ ಅಂಗಡಿಗೆ ಹೋಗೋಕೆ ಶುರು ಮಾಡಿದ್ರು. ಬೈಕು ಹತ್ತೋದನ್ನೇ ಬಿಟ್ಟೆ. ಭಾವನ ಬೈಕು ಲಾರೀಲಿ ಬಂದು ನನ್ನ ಶೆಡ್ಡಿನ ಮೂಲೇಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ನಾನು ಆ ಕಡೆ ತಿರುಗಿಯೂ ನೋಡ್ತಿರಲಿಲ್ಲ.

ಮೇಷ್ಟ್ರು ಮಾತ್ರ ಪ್ರತಿ ಶನಿವಾರ ಬರ್ತಿದ್ದ. ಟೀ ತರಿಸಿ, ಪಕ್ಕದಲ್ಲಿ ಕೂತು, 'ಎಷ್ಟು ದಿನ ಅಂತ ಕೊರಗ್ತೀಯ, ಬಿಟ್ಹಾಕೋ,' ಅನ್ನೋನು. 'ಆ ಬೈಕು ನಾನೇ ಬಿಚ್ಚಿ ಸರಿ ಮಾಡ್ತೀನಿ. ನೀನು ಅದರ ಹತ್ತಿರ ಹೋಗ್ಬೇಡ, ಮನಸ್ಸಿಗೆ ಸುಮ್ನೆ ಹಿಂಸೆ,' ಅಂತ ಎಷ್ಟು ಸಲ ಅಂದಿದ್ದಾನೋ. ನನಗಾಗಿ ಎಷ್ಟು ಮರುಗ್ತಾನೆ ನೋಡು ಅಂತ ನನ್ನ ಕಣ್ಣು ತುಂಬೋದು.

ಹೋದ ತಿಂಗಳು ಭಾವ ಫೋನ್ ಮಾಡಿದ್ರು. ಅಷ್ಟು ದಿನದಲ್ಲಿ ಮೂರನೇ ಸಲವೋ ನಾಲ್ಕನೇ ಸಲವೋ. 'ಆ ಬೈಕನ್ನ ಒಬ್ಬರು ಕೇಳ್ತಿದ್ದಾರೆ, ಕೊಟ್ಟುಬಿಡೋಣ ಅಂತಿದ್ದೀನಿ. ಮೇಷ್ಟ್ರು ಪರೀಕ್ಷೆ ಡ್ಯೂಟಿ ಮುಗಿಸಿ ಬಂದು ರೆಡಿ ಮಾಡ್ತಾರೆ. ನೀನು ಮುಟ್ಟಬೇಡ.'

ನೀನು ಮುಟ್ಟಬೇಡ! ಎಲ್ಲರೂ ಅದೇ ಮಾತು. ಫೋನ್ ಇಟ್ಟ ಮೇಲೆ ತಲೆ ಕೆಡ್ತು. ಕೆಡಿಸಿದವನು ನಾನು, ಸರಿ ಮಾಡೋನೂ ನಾನೇ ಆಗ್ಬೇಕು ಅನ್ನಿಸ್ತು. ಮಾರನೇ ದಿನ ಬೆಳಗ್ಗೆ ಅಂಗಡಿ ತೆರೆಯಲಿಲ್ಲ. ಶೆಡ್ಡಿಗೆ ಹೋಗಿ ಟಾರ್ಪಾಲು ಎಳೆದೆ.

ಮುರಿದ ಕಡ್ಡಿಗಳು, ಜಜ್ಜಿದ ಟ್ಯಾಂಕು. ಬ್ರೇಕು ಇನ್ನೂ ಮೇಲಿನ ಬೋಲ್ಟಿನಿಂದ ನೇತಾಡ್ತಿತ್ತು. ಆ ಬೋಲ್ಟಿನ ಮೇಲೆ ತುಕ್ಕು, ಧೂಳು. ಬಟ್ಟೆ ತಗೊಂಡು ಒರೆಸಿದೆ. ಕೆಂಪು ಕಾಣಿಸ್ತು. ಇನ್ನೊಂದು ಸಲ ಒರೆಸಿ, ಬಾಗಿಲ ಹತ್ತಿರದ ಬೆಳಕಿಗೆ ಬೈಕು ತಳ್ಳಿ, ಕನ್ನಡಕ ಹಾಕ್ಕೊಂಡೆ.

ಬೋಲ್ಟಿನ ತಲೆ ಮೇಲೆ ಎರಡು ಕೆಂಪು ಗೆರೆ ಇದ್ವು.

ಒಂದು ತೆಳ್ಳಗೆ, ನೆಟ್ಟಗೆ, ನಾನು ಎಳೆದದ್ದು. ಅದರ ಮೇಲೆ ಅಡ್ಡಡ್ಡ ಹೋದ ಇನ್ನೊಂದು, ದಪ್ಪಗೆ, ಅಂಚಲ್ಲಿ ಬಣ್ಣ ತೊಟ್ಟಿಕ್ಕಿದ್ದು. ನನ್ನ ಜೀವಮಾನದಲ್ಲಿ ಹಳೇ ಗೆರೆ ಕೆರೆಯದೆ ಹೊಸ ಗೆರೆ ಎಳೆದಿಲ್ಲ. ಎರಡು ಗೆರೆ ಅಂದ್ರೆ, ನಾನು ಮುಚ್ಚಿದ ಮೇಲೆ ಈ ಬೋಲ್ಟನ್ನ ಯಾರೋ ಬಿಚ್ಚಿದ್ದಾರೆ, ಮತ್ತೆ ಹಾಕಿದ್ದಾರೆ, ನನ್ನ ಬಣ್ಣ ಬಳಿದಿದ್ದಾರೆ. ಬ್ರೇಕು ಪೂರ್ತಿ ಬಿಚ್ಚಿದೆ. ಒಳಗಿದ್ದದ್ದು ಹೊಸ ಪ್ಯಾಡು. ಒಂದೇ ದಿನ ಓಡಿದ ಹಾಗಿತ್ತು, ಸವೆದೇ ಇರಲಿಲ್ಲ. ನಾನು ಹಾಕಿದ ಅರ್ಧ ಸವೆದ ಪ್ಯಾಡು ಅಲ್ಲಿರಲಿಲ್ಲ.

ನಿಜ ಹೇಳ್ತೀನಿ, ಮೊದಲು ಬಂದದ್ದು ನಗು. 'ನಾನಲ್ಲ,' ಅಂದೆ ಗಟ್ಟಿಯಾಗಿ, ಖಾಲಿ ಶೆಡ್ಡಲ್ಲಿ. 'ನಾನಲ್ಲ ಕಣೋ! ನಾನಲ್ಲ!' ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಹುಚ್ಚನ ಥರ ನಕ್ಕೆ. ಆ ನಗು ಎಲ್ಲಿ ನಿಂತಿತು ಅಂದ್ರೆ, ಕೆಂಪು ಬಾಟಲಿ ಆ ಸವಾರೀಲಿ ಇದ್ದದ್ದು ಮೇಷ್ಟ್ರ ಬೈಕಿನ ಚೀಲದಲ್ಲಿ ಅಂತ ನೆನಪಾದಾಗ. ನಾನು ಪೇಟೆಗೆ ಹೋದ ಆ ಮೂರು ಗಂಟೆ ನೆನಪಾದಾಗ. ಗಡದ್ದಾಗಿ ನಿದ್ದೆ ಹೊಡೆದ್ರಂತೆ.

ಬೋಲ್ಟು, ಪ್ಯಾಡು ಎರಡನ್ನೂ ಬಟ್ಟೇಲಿ ಸುತ್ಕೊಂಡು ಸೀದಾ ಶಾಲೆಗೆ ಹೋದೆ. ಊಟದ ಬಿಡುವು. ಮೇಷ್ಟ್ರು ಕಾರಿಡಾರಿನ ಕೊನೇಲಿ ಉತ್ತರ ಪತ್ರಿಕೆಯ ಕಟ್ಟು ಹಿಡ್ಕೊಂಡು ಬರ್ತಿದ್ದ. ಅವನ ಮುಂದೆ ಬಟ್ಟೆ ಬಿಚ್ಚಿದೆ. ನಾನು ಒಂದು ಮಾತೂ ಆಡೋ ಮುಂಚೆಯೇ ಅವನ ಮುಖ ಬಿಳಿಚಿಕೊಳ್ತು.

'ಇಲ್ಲಿ ಬೇಡ ಕಣೋ,' ಅಂದ. ಪ್ರಯೋಗಶಾಲೆ ಖಾಲಿ ಇತ್ತು, ಅಲ್ಲಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ.

'ಬೊಗಳು,' ಅಂದೆ.

ಅವನು ಸ್ಟೂಲಿನ ಮೇಲೆ ಕೂತ್ಕೊಂಡ. 'ಭಾವನಿಗೆ ಆ ಪ್ಯಾಡಿನ ಮೇಲೆ ಸಮಾಧಾನ ಇರಲಿಲ್ಲ. ನೀನು ಹೋದ ಮೇಲೆ, ಹಾಕಿಬಿಡೋಣ ಬನ್ನಿ ಮೇಷ್ಟ್ರೇ ಅಂದ್ರು. ಪ್ಯಾಡು ಹಾಕಿದ್ವಿ. ಬೋಲ್ಟು ಕೂರಿಸಿ ಕೈಯಲ್ಲಿ ತಿರುಗಿಸಿದ್ದು ಅವರು. ನಾನು ಸ್ಪ್ಯಾನರ್ ತರೋಕೆ ಹೋಗಿ ಬರೋ ಹೊತ್ತಿಗೆ ಅವರು ಕೈ ತೊಳೆಯೋಕೆ ಹೋಗಿದ್ರು. ಬಿಗಿ ಮಾಡಿ ಮುಗಿಸೇ ಹೋಗಿದ್ದಾರೆ ಅಂದ್ಕೊಂಡು ಗೆರೆ ಹಾಕಿದೆ.'

'ನೀನು ಬಿಗಿ ಮಾಡದ ಬೋಲ್ಟಿಗೆ ಗೆರೆ ಹಾಕಿದ್ಯಾ?'

'ಅವರು ಬಂದು ಗೆರೆ ನೋಡಿದ್ರು. ನಾನು ಬಿಗಿ ಮಾಡಿದ್ದೀನಿ ಅಂದ್ಕೊಂಡ್ರು. ಗೆರೆ ಬಿತ್ತಾ ಅಂತ ಕೇಳಿದ್ರು, ಬಿತ್ತು ಅಂದೆ.' ಅವನ ದನಿ ಇಳೀತು. 'ಅಷ್ಟೇ ಕಣೋ ಆಗಿದ್ದು. ದೇವರಾಣೆ ಅಷ್ಟೇ.'

'ಬಿಳಿ ಯಾಕೆ ಹಾಕ್ಲಿಲ್ಲ?'

'ನಿಂಗೆ ಗೊತ್ತಾಗ್ಬಿಡ್ತಿತ್ತು. ನಿನ್ನ ಕೆಲಸದ ಮೇಲೆ ಕೈ ಹಾಕಿದ್ವಿ ಅಂತ ಇಡೀ ಸವಾರಿ ಕೂಗಾಡ್ತಿದ್ದೆ. ನಿನ್ನ ಕೋಪ ಗೊತ್ತಲ್ಲ.'

ನೋಡಿದ್ರಾ. ನನ್ನ ಕೋಪಕ್ಕೆ ಹೆದರಿ ನನ್ನ ಗೆರೇನೇ ಕದ್ದರಂತೆ. ಅದನ್ನಾದ್ರೂ ಹೊಟ್ಟೆಗೆ ಹಾಕ್ಕೋಬಹುದಿತ್ತು. ತಪ್ಪು ಯಾರ ಕೈಯಲ್ಲಾದ್ರೂ ಆಗುತ್ತೆ, ಹಾಗಂತ ಅವನೇ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ದನಲ್ಲ.

'ಆಸ್ಪತ್ರೇಲಿ ಯಾಕೆ ಹೇಳ್ಲಿಲ್ಲ?' ಅಂತ ಕೇಳಿದೆ.

'ನೀನೇ ಮುಂದೆ ಬಿದ್ದು ನಂದೇ ತಪ್ಪು ಅಂದ್ಬಿಟ್ಟೆ. ನೀನೇ ಒಪ್ಕೊಂಡ ಮೇಲೆ...' ಅಂತ ರಾಗ ಎಳೆದ. 'ಭಾವ ಮಾರನೇ ದಿನ ನನ್ನ ಕೈ ಹಿಡ್ಕೊಂಡು ಬೇಡ್ಕೊಂಡ್ರು. ಬೈಕಿನ ಒಂದು ಬೋಲ್ಟೂ ಮುಟ್ಟಲ್ಲ ಅಂತ ಅಕ್ಕನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ರಂತೆ. ಆ ಆಣೆ ಮೇಲೇನೇ ಅಕ್ಕ ಸವಾರಿಗೆ ಒಪ್ಪಿದ್ದಂತೆ. ಅವಳಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ, ಸ್ವಲ್ಪ ದಿನ ತಡೀರಿ ಅಂದ್ರು. ಸ್ವಲ್ಪ ದಿನ ಅಂತಲೇ ನಾನೂ...'

'ಹದಿನಾಲ್ಕು ತಿಂಗಳು ಶನಿವಾರ ಶನಿವಾರ ಬಂದು ನನ್ನ ಟೀ ಕುಡಿದೆಯಲ್ಲೋ,' ಅಂದೆ. 'ನಾನು ನನ್ನ ಕೈ ನೋಡ್ಕೊಂಡು ಅಳ್ತಾ ಕೂತಿದ್ರೆ ಪಕ್ಕದಲ್ಲಿ ಕೂತು ಬಿಸ್ಕತ್ತು ಅದ್ದಿ ತಿಂದೆಯಲ್ಲೋ.'

ಅವನು ತಲೆ ಎತ್ತಲಿಲ್ಲ. ಹೊಡೀಬೇಕು ಅಂತ ಹೋದವನು ನಾನು. ಅವನ ನೆತ್ತಿಯ ಬೋಳು ನೋಡ್ತಾ ನಿಂತೆ, ಕೈ ಏಳಲಿಲ್ಲ. ಗಂಟೆ ಹೊಡೀತು. 'ಕ್ಲಾಸಿದೆ,' ಅಂದ, ಎದ್ದು ಹೋದ. ನಲವತ್ತು ವರ್ಷದ ಸ್ನೇಹಕ್ಕೆ ಅವನು ಆಡಿದ ಕೊನೇ ಮಾತು ಅದು.

ಅಲ್ಲಿಂದ ನೇರ ಅಕ್ಕನ ಮನೆ. ದಾರಿ ಉದ್ದಕ್ಕೂ ಸಂಕಟ ಇತ್ತು, ಆದ್ರೆ ಸುಳ್ಳಾಡಲ್ಲ, ಒಳಗೊಳಗೆ ಒಂದು ಸಂತೋಷಾನೂ ಇತ್ತು. ಮೇಷ್ಟ್ರು ಹಾಳಾಗಿ ಹೋಗ್ಲಿ, ಭಾವನೂ ಹೋಗ್ಲಿ, ಅಕ್ಕ ವಾಪಸ್ ಸಿಗ್ತಾಳೆ. ಅವಳು ಏನಂತಾಳೆ ಅಂತ ಮನಸ್ಸಲ್ಲೇ ಹತ್ತು ಥರ ಆಡಿಸಿ ನೋಡ್ದೆ. ಅಯ್ಯೋ ನನ್ ಕಂದ ಅಂತಾಳೆ. ಇಷ್ಟು ದಿನ ಸುಮ್ನೆ ಶಿಕ್ಷೆ ಕೊಟ್ನಲ್ಲೋ ಅಂತಾಳೆ. ಅತ್ರೂ ಅಳಬಹುದು. ಅತ್ರೆ ಏನು ಹೇಳಿ ಸಮಾಧಾನ ಮಾಡ್ಬೇಕು ಅಂತಲೂ ಯೋಚಿಸ್ಕೊಂಡಿದ್ದೆ.

ಬಾಗಿಲು ತೆರೆದದ್ದು ಅವಳೇ. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊಸ್ತಿಲ ಆಚೆ ನಿಂತೇ ಬಟ್ಟೆ ಬಿಚ್ಚಿ ತೋರಿಸ್ದೆ. ಮೊದಲಿಂದ ಕೊನೇವರೆಗೆ ಒಂದೇ ಉಸಿರಲ್ಲಿ ಹೇಳ್ದೆ. ಒಳಗಿನ ಕೋಣೇಲಿ ಕೋಲು ಟಕ್ ಟಕ್ ಅಂತ ಎರಡು ಸಲ ಅಂದು ನಿಂತುಹೋಯ್ತು. ಭಾವ ಹೊರಗೆ ಬರಲಿಲ್ಲ.

ಅಕ್ಕ ಬೋಲ್ಟಿನ ಕಡೆ ನೋಡಲೂ ಇಲ್ಲ.

'ಗೊತ್ತು,' ಅಂದ್ಲು.

'ಏನು ಗೊತ್ತು?'

'ಅವರೇ ಹೇಳಿದ್ರು. ಆಪರೇಷನ್ ಆದ ತೊಡೆಯ ಹೊಲಿಗೆ ಬಿಚ್ಚಿದ ವಾರ. ಒಂದು ದಿನ ಅತ್ತು ಎಲ್ಲಾ ಹೇಳ್ಕೊಂಡ್ರು.'

ಲೆಕ್ಕ ಹಾಕಿದೆ. ಹದಿಮೂರು ತಿಂಗಳ ಮೇಲಾಗಿತ್ತು. ನಾನು ಬಾಗಿಲವರೆಗೆ ಬಂದು, ಅವಳು ಪರದೆ ಎಳೆದದ್ದು ಅದಾದ ಮೇಲೆ.

'ಮತ್ತೆ ನನ್ನನ್ನ ಯಾಕೆ ಅಕ್ಕ...'

ಅವಳು ಸೆರಗಿನ ತುದಿ ಬೆರಳಿಗೆ ಸುತ್ಕೊಂಡ್ಲು. 'ದಿನಾ ಅವರನ್ನ ಎತ್ತಿ ಕೂರಿಸ್ಬೇಕಿತ್ತು ಕಣೋ. ಮೈ ಒರೆಸ್ಬೇಕಿತ್ತು, ಮಲ ಮೂತ್ರ ಎಲ್ಲಾ ತೆಗೀಬೇಕಿತ್ತು. ನನ್ನ ತಲೆ ಮುಟ್ಟಿ ಆಣೆ ಮಾಡಿ ಮೋಸ ಮಾಡಿದವರನ್ನ ಹಾಗೆ ನೋಡ್ಕೊಳ್ಳೋಕೆ ಆಗುತ್ತಾ ಹೇಳು? ಅವರ ಮೇಲೆ ಸಿಟ್ಟು ಇಟ್ಕೊಂಡಿದ್ರೆ ಒಂದು ದಿನಾನೂ ಆಗ್ತಿರಲಿಲ್ಲ. ಆ ಸಿಟ್ಟು ಎಲ್ಲಾದ್ರೂ ಹಾಕ್ಬೇಕಿತ್ತು.'

'ಅದಕ್ಕೆ ನನ್ನ ಮೇಲೆ ಹಾಕಿದ್ಯಾ?'

'ನೀನು ತಡ್ಕೋತೀಯ ಅಂತ ಗೊತ್ತಿತ್ತು,' ಅಂದ್ಲು. 'ನೀನೆಲ್ಲಿಗೆ ಹೋಗ್ತೀಯ? ಯಾವತ್ತಿದ್ರೂ ಬಂದೇ ಬರ್ತೀಯ ಅಂತ ಗೊತ್ತಿತ್ತು.'

ಅವಳು ಅಳಲಿಲ್ಲ. ಬಾಗಿಲಿಂದ ಪಕ್ಕಕ್ಕೆ ಸರಿದು, ನನಗೆ ಜಾಗ ಮಾಡಿಕೊಟ್ಲು. ಅಡುಗೆಮನೆಯಿಂದ ಬಿಸಿ ಅನ್ನದ ವಾಸನೆ ಬರ್ತಿತ್ತು. 'ಬಾ ಒಳಗೆ. ಮುಖ ನೋಡು, ಹೇಗೆ ಬತ್ತಿ ಹೋಗಿದೆ. ಕೈ ತೊಳ್ಕೋ, ತಟ್ಟೆ ಹಾಕ್ತೀನಿ.'

ಈ ಒಂದು ಮಾತು ಕೇಳೋಕೆ ಹದಿನಾಲ್ಕು ತಿಂಗಳು ಕಾದಿದ್ದೆ. ಒಂದು ಕಾಲು ಹೊಸ್ತಿಲ ಮೇಲೆ ಇಟ್ಟಿದ್ದೆ ಕೂಡ. ಅದನ್ನ ಹಿಂದಕ್ಕೆ ತಗೊಂಡೆ.

'ನಂದು ಊಟ ಆಯ್ತು ಅಕ್ಕ,' ಅಂದೆ.

ಬೆಳಗ್ಗಿಂದ ಒಂದು ತುತ್ತೂ ಹೊಟ್ಟೆಗೆ ಹೋಗಿರಲಿಲ್ಲ. ಅಕ್ಕನ ಹತ್ತಿರ ನಾನು ಸುಳ್ಳು ಹೇಳಿದ್ದು ಅದೇ ಮೊದಲು.